ಎರಡು ರ‍್ಯಾಕ್, ನಾಲ್ಕು ಅಡ್ಡಕಂಬಿ

ಮಂಗಳವಾರ, ಹದಿನಾಲ್ಕನೇ ತಾರೀಕು
ಫಿಸಿಯೋಥೆರಪಿ ವಿಭಾಗ, ಊಟದ ಬಿಡುವು

ಮಾಸ್ಟರ್ ಅವರಿಗೆ,

ನಮಸ್ಕಾರ. ಮದುವೆಗೆ ಮುಂಚೆ ನಿಮ್ಮ ಜಿಮ್ಮಿನಲ್ಲಿ ಎಲ್ಲರಂತೆ ನಾನೂ ನಿಮ್ಮನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದೆ. ಬೇರೆಯಾಗಿ ಮೂರು ವರ್ಷವಾದ ಮೇಲೆ ಇನ್ನೇನೆಂದು ಕರೆಯಬೇಕೋ ತಿಳಿಯದೆ ಮತ್ತೆ ಅಲ್ಲಿಗೇ ಬಂದಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ, ಸ್ವಲ್ಪ ಹೊಟ್ಟೆ ಬಂದಿದೆ ಎಂದು ನಿಮ್ಮ ತಂಗಿ ಹೇಳಿದಳು.

ನಿಮ್ಮ ಪತ್ರ ತಂದುಕೊಟ್ಟವಳೂ ಅವಳೇ. ನಾನು ಓದಿ ಮುಗಿಸುವವರೆಗೆ ಎದುರಿನ ಕುರ್ಚಿಯಿಂದ ಕದಲಲಿಲ್ಲ. ಆಮೇಲೆ, "ಅತ್ತಿಗೆ, ಒಂದು ಸಾಲು ತಾನೇ ಕೇಳಿರೋದು? ಬರ್ದುಕೊಟ್ಬಿಡಿ. ಅಣ್ಣನ ಹೊಟ್ಟೆ ಮೇಲೆ ಹೊಡೆದು ನಿಮಗೇನು ಬರತ್ತೆ?" ಎಂದಳು. ಬೆಳೆದಿರುವ ಹೊಟ್ಟೆ ತಾನೇ, ಒಂದೇಟು ತಡೆದುಕೊಳ್ಳುತ್ತದೆ ಎಂದೆ. ನಕ್ಕಳು. ಆದರೆ ಮಾಡಿಟ್ಟ ಚಹಾ ಮುಟ್ಟದೆ ಎದ್ದುಹೋದಳು. ಅವಳಿಗೆ ನನ್ನ ಮೇಲೆ ಕೋಪವಿದೆ, ಇರಲಿ.

ನಿಮ್ಮ ಕಂಪನಿಯ ಪಟ್ಟಿ, ನನ್ನ ಪಟ್ಟಿ ಎರಡರ ಬಗ್ಗೆ ನನ್ನ ವರದಿಯಲ್ಲಿ ನೀವು ಕೇಳಿರುವ ಸಾಲು ಇದು: "ಎರಡೂ ಪಟ್ಟಿಗಳು ಸಮಾನವಾಗಿ ಸೂಕ್ತವಾಗಿವೆ, ಆಯ್ಕೆಯನ್ನು ಸಮಿತಿಗೆ ಬಿಡಲಾಗಿದೆ." ನಾನು ಆ ಸಾಲು ಬರೆಯುವುದಿಲ್ಲ. ಕೊನೆಯವರೆಗೆ ಕಾಯಿಸುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ಮಿಕ್ಕದ್ದನ್ನು ಓದುವುದೂ ಬಿಡುವುದೂ ನಿಮ್ಮಿಷ್ಟ.

ಆಸ್ಪತ್ರೆಯಲ್ಲಿ ಹೊಸದಾಗಿ ಆಗುತ್ತಿರುವ ಈ ಜಿಮ್ ಯಾರಿಗೆ ಎಂಬುದನ್ನು ನಿಮ್ಮ ಕಂಪನಿಯವರು ಸರಿಯಾಗಿ ವಿಚಾರಿಸಿದಂತೆ ಕಾಣಲಿಲ್ಲ. ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ನಲವತ್ತು ಜನ ಇದ್ದಾರೆ. ಮೂವತ್ತೊಂದು ಹೆಂಗಸರು, ಒಂಬತ್ತು ಗಂಡಸರು. ಕಳೆದ ವರ್ಷ ಅವರಲ್ಲಿ ಹದಿನೇಳು ಮಂದಿ ಸೊಂಟನೋವಿಗೆ ರಜೆ ಹಾಕಿದರು. ಹದಿನೇಳರಲ್ಲಿ ಹನ್ನೊಂದು ಮಂದಿ ನನ್ನ ವಿಭಾಗಕ್ಕೆ ಬಂದು, ನನ್ನ ಎದುರಿನ ಮಂಚದ ಮೇಲೆ ಬೋರಲು ಮಲಗಿದವರು. ಒದ್ದೆ ಹೊದಿಕೆಗಳ ಒಂದು ಗಂಟು ಹದಿನೆಂಟು ಕಿಲೋ ತೂಗುತ್ತದೆ, ನಾನೇ ತಕ್ಕಡಿಗೆ ಹಾಕಿ ನೋಡಿದ್ದೇನೆ. ಅದನ್ನು ನೆಲದಿಂದ ಎತ್ತಿ, ಅರ್ಧ ಸುತ್ತು ತಿರುಗಿ, ಎದೆಮಟ್ಟದ ಯಂತ್ರದ ಬಾಯಿಗೆ ತಳ್ಳಬೇಕು. ಒಬ್ಬೊಬ್ಬರು ದಿನಕ್ಕೆ ನೂರಕ್ಕೂ ಹೆಚ್ಚು ಸಲ ಹೀಗೆ ಮಾಡುತ್ತಾರೆ. ಇವರ ಮೈ ಗಟ್ಟಿಯಾಗಲಿ ಎಂದು ಆಸ್ಪತ್ರೆ ಹಳೆಯ ಬಟ್ಟೆ ದಾಸ್ತಾನಿನ ಕೋಣೆಯನ್ನು ಬಿಟ್ಟುಕೊಟ್ಟಿದೆ. ಸಲಕರಣೆ ಆರಿಸಲು ವರದಿ ಕೊಡು ಎಂದು ಸಮಿತಿ ನನ್ನನ್ನು ಕೇಳಿತು. ಪಟ್ಟಿ ಕಳಿಸಿದ ಕಂಪನಿಗಳಲ್ಲಿ ನಿಮ್ಮದೂ ಇದೆ, ಅದರ ಕೆಳಗೆ ನಿಮ್ಮ ಸಹಿ ಇದೆ ಎಂದು ಗೊತ್ತಾದದ್ದು ಆಮೇಲೆ.

ನಿಮ್ಮ ಪಟ್ಟಿಯಲ್ಲಿ ಹನ್ನೆರಡು ಯಂತ್ರಗಳಿವೆ. ಹನ್ನೊಂದರಲ್ಲಿ ಕೂತು ಕೆಲಸ ಮಾಡಬೇಕು. ಕೂತಲ್ಲೇ ಕಾಲು ಚಾಚು, ಕೂತಲ್ಲೇ ಎದೆಯಿಂದ ತಳ್ಳು. ದಿನವಿಡೀ ನೆಲದಿಂದ ಗಂಟು ಎತ್ತುವವರಿಗೆ ನೆಲದಿಂದ ಎತ್ತುವುದನ್ನೇ ಕಲಿಸದ ಯಂತ್ರಗಳು ಎಷ್ಟು ಹೊಳೆದರೇನು? ಸಮಿತಿಯವರನ್ನು ನಿಮ್ಮ ಮಳಿಗೆಗೆ ಕರೆದುಕೊಂಡು ಬಂದ ದಿನ ನೀವು ರಜೆಯಲ್ಲಿದ್ದಿರಿ. ಲಾಂಡ್ರಿಯ ಹಿರಿಯ ಕೆಲಸಗಾರ್ತಿಯೂ ಜೊತೆಗಿದ್ದರು. ಗಂಟು ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದಕ್ಕೇ ಎಲ್ಲರೂ ಅವರನ್ನು ಗಂಟಕ್ಕ ಎನ್ನುತ್ತಾರೆ. ಎತ್ತರ ನಾಲ್ಕು ಅಡಿ ಒಂಬತ್ತು ಅಂಗುಲ. ಎದೆಯಿಂದ ತಳ್ಳುವ ಯಂತ್ರದಲ್ಲಿ ಕೂತರೆ ಅವರ ಕಾಲು ನೆಲಕ್ಕೆ ತಾಗಲಿಲ್ಲ, ಬೆನ್ನು ಒರಗಲಿಲ್ಲ. ನಿಮ್ಮ ಮಾರಾಟದವನು ಬೆನ್ನ ಹಿಂದೆ ಒಂದು ದಿಂಬು ಇಟ್ಟ, ಸಾಲದೆ ಎರಡನೆಯದನ್ನೂ ತಂದ. ಗಂಟಕ್ಕ, "ಮೂರನೇದು ತಂದ್ರೆ ಮಲ್ಕೊಂಡೇಬಿಡ್ತೀನಿ ಕಣಪ್ಪಾ" ಎಂದರು. ಆಡಳಿತಾಧಿಕಾರಿಗಳೂ ನಕ್ಕರು. ನಾನು ನಗದೆ ಟೇಪು ಹಿಡಿದು ಅಳೆದೆ. ಸೀಟನ್ನು ಪೂರ್ತಿ ಕೆಳಗಿಳಿಸಿದರೂ ನಾಲ್ಕು ಅಂಗುಲ ಎತ್ತರ ಉಳಿಯುತ್ತಿತ್ತು. ನಮ್ಮ ಮೂವತ್ತೊಂದು ಹೆಂಗಸರಲ್ಲಿ ಹತ್ತೊಂಬತ್ತು ಮಂದಿ ಆ ಸೀಟಿಗೆ ಹೊಂದುವುದಿಲ್ಲ. ಇನ್ನು ತೂಕ. ಆ ಯಂತ್ರದಲ್ಲಿ ಒಂದು ಹಂತದಿಂದ ಮುಂದಿನದಕ್ಕೆ ಏಳು ಕಿಲೋ ಜಿಗಿಯಬೇಕು. ನನ್ನ ಪಟ್ಟಿಯ ಬಾರಿನ, ಅಂದರೆ ತೂಕ ಎತ್ತುವ ಕಬ್ಬಿಣದ ಸರಳಿನ, ಎರಡು ತುದಿಗೂ ಅರ್ಧರ್ಧ ಕಿಲೋ ಪ್ಲೇಟು ಸೇರಿಸಿದರೆ ಒಂದೇ ಕಿಲೋ ಏರಿಸಬಹುದು. ಭುಜ ನೋಯುವವರಿಗೆ ಈ ವ್ಯತ್ಯಾಸ ಎಷ್ಟೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನಾನು ಯಂತ್ರಗಳ ಶತ್ರುವಲ್ಲ. ನಿಮ್ಮ ಹನ್ನೆರಡರಲ್ಲಿ ಒಂದನ್ನು, ಮೇಲಿನಿಂದ ಕೆಳಕ್ಕೆ ಎಳೆಯುವ ಕೇಬಲ್ ಯಂತ್ರವನ್ನು, ನನ್ನ ಪಟ್ಟಿಗೂ ಸೇರಿಸಿದ್ದೇನೆ. ಅದು ನಿಜವಾಗಿ ಒಳ್ಳೆಯದು, ಹಾಗೆಂದೇ ವರದಿಯಲ್ಲಿ ಬರೆದಿದ್ದೇನೆ. ಉಳಿದಂತೆ ನಾನು ಕೇಳಿರುವುದು ಬಾರ್ ಇಡಲು ಎರಡು ರ‍್ಯಾಕ್, ಹತ್ತು ಕಿಲೋದಿಂದ ಇಪ್ಪತ್ತು ಕಿಲೋವರೆಗಿನ ನಾಲ್ಕು ಬಾರ್, ಸಣ್ಣ ಪ್ಲೇಟುಗಳು, ಡಂಬೆಲ್ಲುಗಳು, ಎರಡು ಬೆಂಚು, ನೆಲಕ್ಕೆ ದಪ್ಪ ರಬ್ಬರ್ ಹಾಸು. ಪ್ರತಿ ರ‍್ಯಾಕಿಗೂ ಕೈತಪ್ಪಿದ ಬಾರನ್ನು ತಡೆಯುವ ಎರಡೆರಡು ಅಡ್ಡಕಂಬಿ ಇರಲೇಬೇಕು, ಕಂಬಿಯಿಲ್ಲದ ರ‍್ಯಾಕನ್ನು ಕೋಣೆಯೊಳಗೆ ಇಳಿಸಬಾರದು ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

"ಹೆಂಗಸರ ಹಾಜರಿ ಬರೆದುಕೊಂಡಿದ್ದವಳಿಗೆ ಸಲಕರಣೆಯ ವಿಷಯ ಏನು ಗೊತ್ತು" ಎಂದು ಕೇಳಿದ್ದೀರಿ. ಹದಿನಾರು ವರ್ಷ ನಮ್ಮ ಜಿಮ್ಮಿನಲ್ಲಿ ಹೆಂಗಸರ ಹೊತ್ತಾದ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ನಾನು ಹಾಜರಿಯನ್ನಷ್ಟೇ ಬರೆಯಲಿಲ್ಲ. ಯಾವ ಬೆಂಚು ಯಾರ ಸೊಂಟಕ್ಕೆ ಅಗಲ, ಯಾವ ಬಾರ್ ಯಾರ ಬೆರಳಿಗೆ ದಪ್ಪ ಎಂಬುದನ್ನು ಅದೇ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ನೀವು ಒಂದು ದಿನವೂ ಆ ಪುಸ್ತಕವನ್ನು ತಿರುಗಿಸಿ ನೋಡಲಿಲ್ಲ. ಈ ಕೋಣೆಗೆ ನಾನು ನಕ್ಷೆ ಬರೆದ ರೀತಿ ಕೇಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಇಬ್ಬರು ಹೆಂಗಸರನ್ನು ರ‍್ಯಾಕಿನ ಜಾಗದಲ್ಲಿ ನಿಲ್ಲಿಸಿ, ಅಡ್ಡಕಂಬಿಯಂತೆ ಎರಡೂ ಕೈ ಮುಂದಕ್ಕೆ ಚಾಚಿಸಿದೆ. ಉಳಿದವರು ಗಂಟು ಹೊತ್ತು ಅತ್ತಿತ್ತ ಓಡಾಡಿದರು. ಯಾರ ಮೈಗೆ ಕೈ ತಾಗಿತೋ ಅಲ್ಲಿ ಗೆರೆ ಅಳಿಸಿ ಹಿಂದಕ್ಕೆ ಸರಿಸಿದೆ. ಮೂರು ಸಲ ಸರಿಸಬೇಕಾಯಿತು. ಈಗ ಯಾರಿಗೂ ತಾಗುವುದಿಲ್ಲ.

ನೀವು ನಮ್ಮ ಜಿಮ್ಮಿಗೆ ನಕ್ಷೆ ಬರೆದದ್ದು ನನಗೆ ನೆನಪಿದೆ. ಕಾಗದದ ಮೇಲೆ ರ‍್ಯಾಕಿನ ನಾಲ್ಕು ಕಾಲು ಎಲ್ಲಿ ಊರುತ್ತವೆ ಎಂದಷ್ಟೇ ಅಳೆದಿರಿ. ಕಂಬಿಗಳು ಮುಂದಕ್ಕೆ ಎರಡು ಅಡಿ ಚಾಚಿಕೊಳ್ಳುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಓಡಾಡುವವರ ಮೊಣಕಾಲಿಗೆ ಬಡಿಯುತ್ತದೆ ಎಂದು ಮೂರನೇ ದಿನಕ್ಕೇ ಅವನ್ನು ಬಿಚ್ಚಿ ಒಳಗೆಲ್ಲೋ ಹಾಕಿದಿರಿ. ನೆಲದ ಟೈಲ್ಸ್ ಹೊಸದು, ಪ್ಲೇಟು ಜಾರಿ ಬಿದ್ದರೆ ಒಡೆಯುತ್ತದೆ ಎಂದು ಬಾರಿನ ಎರಡೂ ತುದಿಗೆ ಕ್ಲಿಪ್ಪು ಬಿಗಿದೇ ಎತ್ತಬೇಕು ಎಂಬ ನಿಯಮ ಮಾಡಿದಿರಿ. ನಾನು ಎದುರಾಡಲಿಲ್ಲ. ಗೋಡೆಯ ಮೇಲೆ ಆ ನಿಯಮವನ್ನು ದುಂಡಗೆ ಬರೆದು ಅಂಟಿಸಿದವಳು ನಾನೇ.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಏನಾಯಿತು ಎಂಬುದನ್ನು ನಾವಿಬ್ಬರೂ ಯಾವತ್ತೂ ಪೂರ್ತಿ ಮಾತಾಡಿಲ್ಲ. ಆದ್ದರಿಂದ ಒಮ್ಮೆ ಬರೆದುಬಿಡುತ್ತೇನೆ. ಹೆಂಗಸರೆಲ್ಲ ಹೋಗಿದ್ದರು. ನಾನು ನಲವತ್ತು ಕಿಲೋ ಹಾಕಿಕೊಂಡು ಬೆಂಚಿನ ಮೇಲೆ ಮಲಗಿದೆ. ಐದನೇ ಸಲಕ್ಕೆ ಎಡ ಮಣಿಕಟ್ಟು ವಾಲಿತು. ಬಾರ್ ಕೊರಳ ಬುಡಕ್ಕೆ ಬಿತ್ತು. ಅಡ್ಡಕಂಬಿ ಇದ್ದಿದ್ದರೆ ಅಲ್ಲೇ ತಡೆಯುತ್ತಿತ್ತು. ಕ್ಲಿಪ್ಪು ಇಲ್ಲದಿದ್ದರೆ ಒಂದು ಕಡೆಗೆ ಓರೆ ಮಾಡಿ ಪ್ಲೇಟುಗಳನ್ನು ಜಾರಿಸಿಬಿಡುತ್ತಿದ್ದೆ. ಎರಡೂ ಆಗಲಿಲ್ಲ. ನೀವು ಮುಂದಿನ ಕೋಣೆಯಲ್ಲಿ ಫೋನಿನಲ್ಲಿದ್ದಿರಿ, ಹಾಡು ಜೋರಾಗಿತ್ತು. ಗೋಡೆ ಗಡಿಯಾರದ ಪ್ರಕಾರ ನೀವು ಬಂದದ್ದು ನಾಲ್ಕು ನಿಮಿಷದ ಮೇಲೆ. ನೀವು ಬಾರನ್ನು ಒಂದೇ ಎಳೆತಕ್ಕೆ ಎತ್ತಿದಿರಿ, ನನ್ನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದಿರಿ. ಅದನ್ನು ನಾನು ಮರೆತಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನೀವು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದನ್ನೂ ಮರೆತಿಲ್ಲ. "ಜಿಮ್ಮಲ್ಲಿ ಆಯ್ತು ಅನ್ಬೇಡ. ಮೆಟ್ಟಿಲಿಂದ ಬಿದ್ದೆ ಅನ್ನು."

ಹಾಗೇ ಅಂದೆ. ಡಾಕ್ಟರಿಗೆ ಅಂದೆ, ನಿಮ್ಮ ತಂಗಿಗೆ ಅಂದೆ, ನನ್ನ ಅಮ್ಮನಿಗೂ ಅಂದೆ. ಕಾಲರ್ ಬೋನ್ ಆರು ವಾರಕ್ಕೆ ಕೂಡಿಕೊಂಡಿತು. ನನ್ನ ಅಮ್ಮ ಮಾತ್ರ ಆಮೇಲೆ ಎಲ್ಲಿ ಮೆಟ್ಟಿಲು ಕಂಡರೂ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಆ ಸುಳ್ಳಿನಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ.

ಇನ್ನು ಮುಖ್ಯ ವಿಷಯ. ಇದನ್ನು ಬೇರೆಯವರ ಬಾಯಿಂದ ಕೇಳುವ ಮುಂಚೆ ನನ್ನಿಂದಲೇ ತಿಳಿಯಿರಿ. ಕಳೆದ ಶುಕ್ರವಾರ ಸಮಿತಿಯ ಸಭೆಯಲ್ಲಿ ಆಡಳಿತಾಧಿಕಾರಿಗಳು ಅಡ್ಡಕಂಬಿಯ ವಿಷಯ ಎತ್ತಿದರು. ಅದರಿಂದ ಜಾಗ ಹೋಗುತ್ತದೆ, ಪಕ್ಕದಲ್ಲಿ ಒಬ್ಬರು ನಿಂತು ನೋಡಿಕೊಂಡರೆ ಸಾಲದೇ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಆಮೇಲೆ, "ಇದರಿಂದ ಪೆಟ್ಟಾದವರನ್ನ ನೀವು ಕಣ್ಣಾರೆ ನೋಡಿದೀರಾ?" ಎಂದರು. ಗಂಟಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಎಂಥವೋ ಎರಡು ಅಂಕಿಅಂಶ ಹೇಳಿ ದಾಟಿಸಿಬಿಡಬಹುದಿತ್ತು. ನಾನು, "ನನಗೇ ಆಗಿದೆ ಸಾರ್" ಎಂದೆ. ಎಲ್ಲಿ, ಹೇಗೆ, ಎಷ್ಟು ನಿಮಿಷ, ಎಲ್ಲವನ್ನೂ ಹೇಳಿದೆ. ಕಂಬಿ ಬಿಚ್ಚಿದವರು ನೀವು ಎಂದೆ. ಕ್ಲಿಪ್ಪು ಬಿಗಿದ ಕೈ ನನ್ನದು ಎಂದೂ ಹೇಳಿದೆ. ನಡಾವಳಿಯಲ್ಲಿ ಎರಡೂ ದಾಖಲಾಗಿವೆ.

ಆದ್ದರಿಂದ ನಿಮಗೆ ಬೇಕಾದ ಸಾಲನ್ನು ನಾನು ಬರೆದರೂ ಈಗ ಯಾರೂ ನಂಬುವುದಿಲ್ಲ. ಇದು ನಿಮ್ಮ ಮೊದಲ ದೊಡ್ಡ ಆರ್ಡರ್, ಕೈತಪ್ಪಿದರೆ ಕಂಪನಿಯಲ್ಲಿ ನಿಮ್ಮನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಬರೆದಿದ್ದೀರಿ. ಅದು ನನಗೆ ಸಣ್ಣ ವಿಷಯವಲ್ಲ. ಐವತ್ತಾರನೇ ವಯಸ್ಸಿನಲ್ಲಿ ಟೈ ಕಟ್ಟಿಕೊಂಡು ಮಳಿಗೆಯಲ್ಲಿ ನಿಲ್ಲುವುದು ಸ್ವಂತ ಜಿಮ್ ನಡೆಸಿದ ನಿಮಗೆಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೆ ನಿಮ್ಮ ಕೆಲಸ ಉಳಿಸಲು ನಲವತ್ತು ಜನರ ಬೆನ್ನನ್ನು ನಾನು ಕೊಡಲಾರೆ. ನನ್ನ ಮೂಳೆಯನ್ನು ಒಮ್ಮೆ ಕೊಟ್ಟಿದ್ದೇನೆ. ಅದನ್ನು ಕೊಡುವ ಹಕ್ಕು ನನಗಿತ್ತು, ಇವರದನ್ನು ಕೊಡುವ ಹಕ್ಕಿಲ್ಲ.

ಇದನ್ನು ಹಳೇ ಸೇಡು ಎಂದಿದ್ದೀರಿ. ಸೇಡು ತೀರಿಸುವವಳಾಗಿದ್ದರೆ ನಿಮ್ಮ ಕೇಬಲ್ ಯಂತ್ರವನ್ನೂ ಹೊಡೆದುಹಾಕುತ್ತಿದ್ದೆ. ನಿಮ್ಮ ಕಂಪನಿ ಅಡ್ಡಕಂಬಿಯಿರುವ ರ‍್ಯಾಕನ್ನೂ ಮಾಡುತ್ತದೆ, ಅದರ ಕ್ಯಾಟಲಾಗಿನ ಮೂವತ್ತೆರಡನೇ ಪುಟದಲ್ಲಿದೆ. ಗುರುವಾರ ಸಂಜೆಯೊಳಗೆ ಹೊಸ ಪಟ್ಟಿ ಹಾಕಲು ಎಲ್ಲ ಕಂಪನಿಗಳಿಗೂ ಅವಕಾಶವಿದೆ. ಈ ಮಾತನ್ನು ನಾನು ನಿಮ್ಮೊಬ್ಬರಿಗೇ ಹೇಳುತ್ತಿಲ್ಲ, ನೋಟಿಸ್ ಬೋರ್ಡಿನಲ್ಲೇ ಹಾಕಿದ್ದಾರೆ. ಹಾಕುವುದಾದರೆ ಹಾಕಿ. ಗುಣ ನೋಡಿ ತೂಗುತ್ತೇನೆ, ಸಹಿ ನೋಡಿ ಅಲ್ಲ.

ಬಿಡುವು ಮುಗಿಯಿತು. ಬಾಗಿಲ ಹೊರಗೆ ಒಬ್ಬರು ಸೊಂಟ ಹಿಡಿದುಕೊಂಡು ಕಾಯುತ್ತಿದ್ದಾರೆ.

ಇಷ್ಟೇ,
ಫಿಸಿಯೋಥೆರಪಿ ವಿಭಾಗದ ವ್ಯಾಯಾಮ ಶಿಕ್ಷಕಿ

ತಾ.ಕ.: ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿಯ ಮುಂದೆ ಪ್ರಾತ್ಯಕ್ಷಿಕೆ ಇದೆ. ಮಾದರಿಗೆಂದು ಒಂದು ರ‍್ಯಾಕ್ ತರಿಸಿದ್ದಾರೆ. ಬಾರನ್ನು ಬೇಕೆಂದೇ ಕೈಬಿಟ್ಟು, ಕಂಬಿ ತಡೆಯುತ್ತದೆಯೇ ಎಂದು ತೋರಿಸಬೇಕು. ಬೆಂಚಿನ ಮೇಲೆ ಮರಳು ಚೀಲ ಮಲಗಿಸೋಣ ಎಂದು ಆಡಳಿತಾಧಿಕಾರಿಗಳು ಹೇಳಿದರು. "ಮರಳು ಚೀಲ ಬಟ್ಟೆ ಒಗೆಯಲ್ಲ ಸಾರ್" ಎಂದರು ಗಂಟಕ್ಕ. ನಾನು ಮಲಗುತ್ತೇನೆ ಎಂದೆ, ನಲವತ್ತು ಕಿಲೋ ಎಂದೂ ಹೇಳಿದೆ. ನಿಮಗೆ ಗೊತ್ತಿಲ್ಲದ ಒಂದು ವಿಷಯವಿದೆ. ಆ ಮಧ್ಯಾಹ್ನದ ನಂತರ ನಾನು ನೂರಾರು ಹೆಂಗಸರಿಗೆ ತಲೆಯ ಹತ್ತಿರ ನಿಂತು ಬೆಂಚ್ ಪ್ರೆಸ್ ಕಲಿಸಿದ್ದೇನೆ, ನಿನ್ನೆಯವರೆಗೆ ಒಂದು ಸಲವೂ ಬಾರಿನ ಕೆಳಗೆ ಮಲಗಿರಲಿಲ್ಲ. ನಿನ್ನೆ ಕಂಬಿಯ ಎತ್ತರ ಹೊಂದಿಸಲು ಒಬ್ಬಳೇ ಹೋಗಿ, ಪ್ಲೇಟಿಲ್ಲದ ಬಾರಿನ ಕೆಳಗೆ ಎರಡು ಸಲ ಮಲಗಿ ಎರಡು ಸಲವೂ ಎದ್ದುಬಿಟ್ಟೆ. ಶುಕ್ರವಾರ ಏಳುವುದಿಲ್ಲ. ಕಂಪನಿಯ ಪರವಾಗಿ ನೀವು ಬರಬಹುದು. ಬಂದರೆ ಎಲ್ಲರೂ ನಿಂತಿರುವಲ್ಲೇ ನೀವೂ ನಿಂತುಕೊಳ್ಳಿ. ನನ್ನ ಮುಖ ಹೇಗೇ ಕಾಣಲಿ, ಬಾರಿಗೆ ಕೈ ಹಾಕಬೇಡಿ.