ಒರೆಸಿ ಹೋದ ಹೆಸರು

ಅಮ್ಮಾ,

ನೀನು ತೀರಿಹೋದ ಮೇಲೆ ದಿನಚರಿಯಲ್ಲಿ ಏನೂ ಬರೆಯಲು ತೋಚುತ್ತಿರಲಿಲ್ಲ. ಇವತ್ತು ಬರೆಯುವಂಥದ್ದು ಇದೆ, ಅದನ್ನು ನಿನಗೇ ಹೇಳಬೇಕು.

ಅಪ್ಪನ ಬೇಟೆ ಕೋವಿಯ ಲೈಸೆನ್ಸ್ ನಿನ್ನ ಹೆಸರಿನಲ್ಲಿತ್ತಲ್ಲ, ಅದನ್ನು ನನ್ನ ಹೆಸರಿಗೆ ಮಾಡಿಸಲು ಠಾಣೆಗೆ ಹೋದೆ. ಕೋವಿ ಯಾವ ಕಂಪನಿ ಮಾಡಿದ್ದು, ಅದರ ನಂಬರ್ ಏನು ಎಂದು ಅಲ್ಲಿ ಕೇಳಿದರು. ಹಳೆಯ ಲೈಸೆನ್ಸಿನಲ್ಲಿ ‘ಇಂಗ್ಲಿಷ್ ಬೇಟೆ ಕೋವಿ’ ಎಂದಷ್ಟೇ ಇದೆ. ಗುರುತು ತಿಳಿಯದಿದ್ದರೆ ತಿಂಗಳ ಕೊನೆಗೆ ತಂದೊಪ್ಪಿಸಬೇಕು, ಕುಲುಮೆಗೆ ಹಾಕುತ್ತೇವೆ ಎಂದರು.

“ಕೊಟ್ಟು ಕೈ ತೊಳ್ಕೋ ಮಗಳೇ. ಇಲಿ ಕಂಡ್ರೆ ಮಂಚ ಹತ್ತೋಳು ನೀನು, ನಿನಗ್ಯಾಕೆ ಕೋವಿ?” ಎಂದರು ಚಿಕ್ಕಪ್ಪ. ಭಾನುವಾರ ಬಂದರೆ ನೀನು ಅದನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ, ಇಲ್ಲದ ಅಪ್ಪನಿಗೆ ವಾರದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದವಳು ನಾನೊಬ್ಬಳೇ. ಅದನ್ನು ಬೆಂಕಿಗೆ ಹಾಕಲು ನಾನು ಬಿಡುವುದಿಲ್ಲ.

ಕೋವಿಯನ್ನು ರಿಪೇರಿ ಅಂಗಡಿಗೆ ಒಯ್ದೆ. ರಿಪೇರಿಯವರು ನಳಿಗೆಯ ಮೇಲೆ ಬೆರಳಾಡಿಸಿದರು. “ಹೆಸರು, ನಂಬರ್ ಎರಡೂ ಇಲ್ಲೇ ಇರಬೇಕಿತ್ತು. ಯಾರಮ್ಮ ಹಿಂಗೆ ಉಜ್ಜಿದ್ದು? ಕನ್ನಡಿ ಮಾಡಿಟ್ಟಿದಾರೆ.”

ಯಾರೆಂದು ನಿನಗೆ ಗೊತ್ತು. ಚಮಚದ ಹಿಡಿಗಳ ಹೂವನ್ನೂ ಉಜ್ಜಿ ಉಜ್ಜಿ ಉದುರಿಸಿದವಳಲ್ಲವೇ ನೀನು!

ಅವರು ಕೋವಿಯನ್ನು ವಾಪಸು ಕೊಟ್ಟರು. ನಾನು ಏಳಲಿಲ್ಲ. ನಿನ್ನ ಉಜ್ಜುವ ಬಟ್ಟೆ ಮುಟ್ಟದ ಜಾಗ ಈ ಕೋವಿಯಲ್ಲಿ ಎಲ್ಲಿದೆ ಎಂದು ಯೋಚಿಸುತ್ತಾ ಬೆಂಚಿನ ಮೇಲೇ ಕುಳಿತಿದ್ದೆ. ಅಪ್ಪ ಬಿಗಿದಿಟ್ಟ ತಿರುಪನ್ನು ನೀನು ಎಂದೂ ಸಡಿಲಿಸಿದವಳಲ್ಲ. ನಳಿಗೆ ಹಿಡಿಯ ಮರದೊಳಗೆ ಕೂತ ಭಾಗವನ್ನು ನೀನು ನೋಡಿಯೇ ಇಲ್ಲ.

“ಮರ ಬಿಚ್ಚಿ” ಎಂದೆ. ತಿರುಪು ತುಕ್ಕು ಹಿಡಿದಿದೆ, ಮರ ಸೀಳಿದರೆ ನನ್ನನ್ನು ಕೇಳಬೇಡಿ ಎಂದರು. ಕೇಳುವುದಿಲ್ಲ ಎಂದೆ. ದಿನಾ ಎಣ್ಣೆ ಬಿಟ್ಟರು, ದಿನಾ ಹೋಗಿ ಕೂತೆ. ನನ್ನ ಕಾಟ ತಾಳಲಾರದೆಯೋ ಏನೋ, ಕೊನೆಗೆ ತಿರುಪು ಅಲುಗಿತು.

ಮರ ತೆಗೆದರೆ ನಳಿಗೆಯ ಅಡಿಯಲ್ಲಿ ಎಲ್ಲವೂ ಇತ್ತು ಅಮ್ಮಾ, ನಿನ್ನೆ ತಾನೇ ಅಚ್ಚೊತ್ತಿದ ಹಾಗೆ. ಪುಟ್ಟ ಕಿರೀಟದ ಮುದ್ರೆ, ನಂಬರು, ಮಾಡಿದವರ ಹೆಸರಿನ ಮೊದಲಕ್ಷರಗಳು. ಭೂತಗನ್ನಡಿ ಹಿಡಿದು ನೋಡಿದ ಅವರು ಇಂಗ್ಲೆಂಡಿನ ಒಂದು ಸಣ್ಣ ಕಾರ್ಖಾನೆಯ ಹೆಸರು ಹೇಳಿದರು. ಜಿಂಕೆ ಬೇಟೆಗೆಂದು ಮಾಡಿ ಅಂಗಡಿಯಲ್ಲಿ ಮಾರುತ್ತಿದ್ದ ಸಾಧಾರಣ ಕೋವಿಯಂತೆ. ರಾಜನೊಬ್ಬ ಇದರಲ್ಲಿ ಹುಲಿ ಹೊಡೆದು ತಾತನಿಗೆ ಉಡುಗೊರೆ ಕೊಟ್ಟನೆಂದು ಅಪ್ಪ ಕೊಚ್ಚಿಕೊಳ್ಳುತ್ತಿದ್ದರಲ್ಲ. ರಾಜನೂ ಇಲ್ಲ, ಹುಲಿಯೂ ಇಲ್ಲ.

ಠಾಣೆಯವರು ಗುರುತು ಬರೆದುಕೊಂಡರು. ಕೋವಿ ಇನ್ನು ನನ್ನ ಹೆಸರಿಗೆ.

ಮರ ಕೂರಿಸುವಾಗ ರಿಪೇರಿಯವರು, ಮೇಲೆ ಹೆಸರನ್ನು ಹೊಸದಾಗಿ ಕೆತ್ತಿಕೊಡಲೇ ಎಂದು ಕೇಳಿದರು.

“ಬೇಡ” ಎಂದೆ. “ಅಲ್ಲಿ ನಮ್ಮಮ್ಮನ ಕೆಲಸ ಇದೆ.”

ನಾಳೆ ಭಾನುವಾರ. ಮೆತ್ತನೆಯ ಬಟ್ಟೆ ತೆಗೆದಿಟ್ಟಿದ್ದೇನೆ. ಕೋವಿ ಒರೆಸುತ್ತಾ ನಿಮ್ಮಿಬ್ಬರಿಗೂ ಸುದ್ದಿ ಹೇಳುತ್ತೇನೆ. ಅಲ್ಲಿ ಅಪ್ಪ ಸಿಕ್ಕಿದರೆ ಹುಲಿಯ ವಿಷಯ ಮಾತ್ರ ಎತ್ತಬೇಡ. ನಿನ್ನ ಕೈಗಳಿಗೆ ಇನ್ನಾದರೂ ಬಿಡುವು ಸಿಗಲಿ.

ನಿನ್ನ ಹಟಮಾರಿ ಮಗಳು