ಓದಿ ಸಹಿ ಮಾಡು

ಆಳಂದ
27 ಏಪ್ರಿಲ್ 2025, ರವಿವಾರ

ಮಗಳು ಬಸವೇಶ್ವರಿಗೆ,

ನಾನು ಆರಾಮ ಇದ್ದೇನೆ. ನೀನು, ಅಳಿಯ ಶಾಂತಕುಮಾರ ಇಬ್ಬರೂ ಜೇವರ್ಗಿಯಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಪತ್ರ ಸಂಕ್ರಾಂತಿಯ ಮರುದಿನವೇ ಬಂತು. ಉತ್ತರಕ್ಕೆ ಮೂರು ತಿಂಗಳು ದಾಟಿತು. ಕೈ ನಡುಕ, ಕಣ್ಣಿನ ಪೊರೆ ಎಂದು ನೆಪ ಹೇಳಬಹುದು, ಹೇಳುವುದಿಲ್ಲ. ನಾಲ್ಕು ಸಲ ಬರೆದು ನಾಲ್ಕೂ ಸಲ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತು ಗೆಲ್ಲಲು ನೋಡುತ್ತೇನೆ, ನಿನಗೆ ಗೊತ್ತಿದ್ದದ್ದೇ.

ನೀನು ಬರೆದದ್ದು ಮೂರೇ ಸಾಲು. "ಅವ್ವ ಕೊನೀಗೆ ಏನರ ಅಂದಳೇನು? ಅಷ್ಟು ಹೇಳ್ರಿ. ಅಲ್ಲೀತನಕ ನಾ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ." ಅದಕ್ಕೆ ಬರುತ್ತೇನೆ. ಮೊದಲು ಊರ ಸುದ್ದಿ ಕೇಳು.

ಬಿಸಿಲು ಸುಡುತ್ತಿದೆ. ಹಿತ್ತಲಿನ ಕರಿಬೇವು ಒಣಗಿತು, ನೀರು ಹಾಕುವವಳು ನಿಮ್ಮವ್ವನೇ ಆಗಿದ್ದಳಲ್ಲ. ನಿನ್ನ ಸೋದರಮಾವ ಶಾಂತಲಿಂಗಪ್ಪ ಇನ್ನೂ ಮಾತು ಬಿಟ್ಟಿದ್ದಾನೆ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಅವಳು ಹೋದ ದಿನ ತಂಗಿಯನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಿರಿಯರ ಹೊಲದಲ್ಲಿ ಮಣ್ಣು ಮಾಡಬೇಕೆಂದು ಬಂದವನು ಅವನು. ನೀನು ಚರ್ಚಿನವರ ಹಾಗೆ ಮಲಗಿಸಿ ಮಣ್ಣು ಮಾಡೋಣ ಎಂದು ಅತ್ತೆ. ನಾನು ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ಅವಳು ಎಂಟು ವರ್ಷದ ಹಿಂದೆ ಸಹಿ ಮಾಡಿದ ದೇಹದಾನದ ಫಾರ್ಮು ತೋರಿಸಿದೆ. ಕಲಬುರಗಿಯ ಮೆಡಿಕಲ್ ಕಾಲೇಜಿನ ಗಾಡಿ ಬರುವ ತನಕ ನಮ್ಮ ವಿಚಾರವಾದಿ ಗೆಳೆಯರ ಮುಂದೆ ಹೆಣದ ಪಕ್ಕ ನಿಂತು ಕಾಲು ತಾಸು ಭಾಷಣ ಮಾಡಿದೆ. ಗೆಳೆಯರು ಕೈ ಕುಲುಕಿದರು. ನೀನು ಗಾಡಿಯ ಹಿಂದೆ ಹನುಮಂತನ ಗುಡಿಯ ತನಕ ಓಡಿದೆ. ಶಾಂತಕುಮಾರ ನಿನ್ನ ಚಪ್ಪಲಿ ಕೈಯಲ್ಲಿ ಹಿಡಿದು ನಿನ್ನ ಹಿಂದೆ ನಡೆಯುತ್ತಿದ್ದ.

ನೀನು ದೀಕ್ಷಾಸ್ನಾನ ತೆಗೆದುಕೊಂಡ ದಿನ ನಾನು ಅಂದದ್ದು ನಿನಗೆ ನೆನಪಿದೆ. "ಒಂದು ಹಗ್ಗ ಬಿಚ್ಚಿ ಬೆಳಿಸಿದೆ, ನೀನು ಇನ್ನೊಂದು ಕಟ್ಟಿಕೊಂಡಿ" ಅಂದಿದ್ದೆ. ದೇವರೇ ಇಲ್ಲ ಅನ್ನುವವನು ಮಗಳಿಗೆ ಬಸವೇಶ್ವರಿ ಎಂದು ಹೆಸರಿಟ್ಟದ್ದು ನನ್ನ ತಾಯಿಯ ಹಟಕ್ಕೆ. ತಾಯಿಯ ಹಟಕ್ಕೆ ಬಾಗಿದವನಿಗೆ ಮಗಳ ನಂಬಿಕೆಯ ಮುಂದೆ ಸುಮ್ಮನಿರುವುದಕ್ಕೆ ಆಗಲಿಲ್ಲ. ಅದು ನನ್ನ ತಪ್ಪು, ಇಲ್ಲಿ ಬರೆದು ಒಪ್ಪುತ್ತೇನೆ.

ಈಗ ಗೌರಾಬಾಯಿಯ ಮಾತು. ಹಿಂದಿನ ಓಣಿಯಲ್ಲಿ ಇರುವ ಕ್ರಿಶ್ಚಿಯನ್ ಮುದುಕಿ, ದವಾಖಾನೆಯಲ್ಲಿ ಆಯಾ ಆಗಿದ್ದವಳು. ನಿಮ್ಮವ್ವನಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಮೈ ಒರೆಸಲು ನಾನೇ ಕರೆಸಿದ್ದೆ. ಮೈ ಒರೆಸುವಾಗ ಪ್ರಾರ್ಥನೆ ಮಾಡುತ್ತಿದ್ದಳಂತೆ. ಮೊದಲ ತಿಂಗಳು ನಿಮ್ಮವ್ವ ಸುಮ್ಮನಿದ್ದಳು, ಎರಡನೆಯ ತಿಂಗಳು "ಜರ ಜೋರಲೆ ಹೇಳ್ರಿ, ನನಗೂ ಕೇಳಲಿ" ಅಂದಳಂತೆ. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಹನ್ನೊಂದು ತಿಂಗಳು ನನ್ನ ಮನೆಯಲ್ಲೇ ಪ್ರಾರ್ಥನೆ ನಡೆದಿದೆ. ಊರೂರು ತಿರುಗಿ ಬಾಬಾಗಳ ಬೂದಿಯ ಗುಟ್ಟು ಬಯಲು ಮಾಡಿದವನಿಗೆ ತನ್ನ ಮನೆಯ ಬಾಗಿಲ ಪರದೆ ಸರಿಸಿ ನೋಡಬೇಕೆಂದು ಅನ್ನಿಸಲಿಲ್ಲ.

ಹೋದ ರವಿವಾರ ಈಸ್ಟರ್. ಚರ್ಚಿನವರು ನಸುಕಿನಲ್ಲೇ ಸಮಾಧಿಗಳ ಹತ್ತಿರ ಹೋಗಿ ಹಾಡುತ್ತಾರೆ, ನಿನಗೆ ಗೊತ್ತಿರುತ್ತದೆ. ಗೌರಾಬಾಯಿ ಹಿಂದಿನ ದಿನ ಬಂದು ಕರೆದಿದ್ದಳು. ಯಾಕೆ ಹೋದೆನೋ, ಹೋದೆ. ಗೇಟಿನಲ್ಲೇ ನಿಂತಿದ್ದೆ.

"ಒಳಗ ಬರ್ರಿ ಸರ. ಇಲ್ಲಿ ಮಲಗಿದ ಮಂದಿ ನಿಮಗ ಏನೂ ಕೇಳಂಗಿಲ್ಲ" ಅಂದಳು.

ಒಳಗೆ ಹೋದೆ. ಒಂದು ಗೇಣುದ್ದದ ಸಮಾಧಿಗೆ ಸುಣ್ಣ ಹಚ್ಚಿದ್ದಳು. ಅವಳ ಮೂರು ತಿಂಗಳ ಕೂಸು, ನಲವತ್ತು ವರ್ಷದ ಹಿಂದಿನದು. ನನ್ನ ನಾಲಿಗೆಗೆ ಎಲುಬಿಲ್ಲ, ಕೇಳಿಯೇಬಿಟ್ಟೆ.

"ಇಂವ ಎದ್ದು ಬರ್ತಾನಂತ ಖರೇನ ನಂಬೀರೇನು?"

"ನಂಬೇನ್ರಿ. ಒಂದೊಂದು ದಿನ ನಂಬಿಕಿ ಬರಂಗಿಲ್ಲ. ಆ ದಿನಾನೂ ಬಂದು ಕಸಾ ತಗದು ಹೋಗ್ತೇನಿ."

ಆಮೇಲೆ ನನ್ನನ್ನೇ ಕೇಳಿದಳು. "ನಾ ಒಂದು ಕೇಳ್ಲೇನ್ರಿ? ಸತ್ತ ಮ್ಯಾಲ ಏನೂ ಇಲ್ಲ ಅಂತ ತಿಳಕೊಂಡವರಿಗೆ ಅಂಜಿಕಿ ಆಗಂಗಿಲ್ಲೇನು?"

"ಆಗ್ತದವಾ. ಆದ್ರ ಅಂಜಿಕಿ ಆಗ್ತದಂತ, ಇಲ್ಲದ್ದನ್ನ ಅದ ಅನ್ನಾಕ ನನಗ ಆಗಂಗಿಲ್ಲ."

"ಹಂಗಂದ್ರ ನಿಮ್ಮದೂ ಸೋಪಿಲ್ಲ ಬಿಡ್ರಿ" ಅಂದಳು. ಬಸವೇಶ್ವರಿ, ಐವತ್ತು ವರ್ಷ ನಾನು ಆಸ್ತಿಕರ ಜೊತೆ ವಾದ ಮಾಡಿದ್ದೇನೆ. ನನ್ನದು ಸುಲಭವಲ್ಲ ಎಂದು ಒಬ್ಬರೂ ಅಂದಿರಲಿಲ್ಲ.

ಹೊರಡುವಾಗ ಬೇವಿನ ಗಿಡದ ಬುಡಕ್ಕೆ ಕರೆದೊಯ್ದು ಖಾಲಿ ಜಾಗ ತೋರಿಸಿದಳು. "ಬಾಯೋರು ದೀಪಾವಳಿ ಹಿಂದಿನ ದಿನ ಆಟೋದಾಗ ಬಂದು ಈ ಜಗಾ ನೋಡಿ ಹೋಗಿದ್ರು. ಇಲ್ಲೇ ಇಡ್ರಿ, ಮಗಳು ಬಂದ್ರ ನೆರಳಿನ್ಯಾಗ ಕೂಡ್ತಾಳ ಅಂದ್ರು. ನಮ್ಮ ಮನಿಯವರಿಗಿ ನಾನೇ ಹೇಳ್ತೇನಿ ಅಂದಿದ್ರು. ಹೇಳಲಿಲ್ಲೇನ್ರಿ?"

"ಇಲ್ಲ" ಅಂದೆ.

ಮರುದಿನ ಕಲಬುರಗಿಗೆ ಹೋಗಿ ಕಾಲೇಜಿನಲ್ಲಿ ವಿಚಾರಿಸಿದೆ. ಮುಜೀಬ ಎಂಬ ಗುಮಾಸ್ತ ಕೂರಿಸಿ ನೀರು ಕೊಟ್ಟ. "ಹುಡುಗರ ಕಲಿಕಿ ಮುಗಿದ ಮ್ಯಾಲ ಉಳಿದದ್ದು ಕೇಳಬಹುದ್ರಿ ಸರ. ಕೊಟ್ಟೇ ಕೊಡ್ತಾರಂತ ನಾ ಹೇಳಾಂಗಿಲ್ಲ. ಅರ್ಜಿಗೆ ನಿಮ್ಮ ಸಹಿ ಜೋಡಿ ಮಗಳ ಸಹಿ ಬೇಕ್ರಿ" ಅಂದ. ಅರ್ಜಿ ಇದರ ಜೊತೆಗಿದೆ. ಕಾರಣ ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ. ದೇಹದಾನ ಒಳ್ಳೆಯ ಕೆಲಸ ಎಂದು ಇವತ್ತಿಗೂ ನಂಬಿದ್ದೇನೆ, ನನ್ನ ದೇಹ ಅಲ್ಲಿಗೇ ಹೋಗಲಿ. ಅವಳು ಮಾತ್ರ ಮಲಗುವುದಕ್ಕೆ ಜಾಗ ನೋಡಿ ಬಂದಿದ್ದಳು.

ಇನ್ನು ನಿನ್ನ ಪ್ರಶ್ನೆ. ಆ ದಿನ ಹೇಳಿದ್ದನ್ನೇ ಹೇಳಬೇಕು. ಮಂಗಳವಾರದಿಂದ ಅವಳಿಗೆ ಮಾತು ನಿಂತಿತ್ತು. ಶನಿವಾರ ಹೋದಳು. ಏನೂ ಅನ್ನಲಿಲ್ಲ.

ಆಶೀರ್ವಾದ ಎಂಬ ಪದ ನನ್ನ ಬಾಯಲ್ಲಿ ಹೊಂದುವುದಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ. ಶಾಂತಕುಮಾರನಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಅಪ್ಪ,
ಕಲ್ಲಿನಾಥ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಮೇಲೆ ಬರೆದದ್ದು ಸುಳ್ಳು. ಅವಳಿಗೆ ಮಾತು ನಿಂತದ್ದು ಶುಕ್ರವಾರ. ಗುರುವಾರ ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಮುಂಗೈ ಹಿಡಿದು ಸ್ಪಷ್ಟವಾಗಿ ಹೇಳಿದಳು. "ಆ ಕಾಗದಾ ಬ್ಯಾಡ್ರಿ. ನನ್ನ ಗೌರಾಬಾಯಿ ಕಡಿ ಮಣ್ಣು ಮಾಡ್ರಿ. ಜಗಾ ನೋಡೇನಿ. ನಿಮಗ ಸಿಟ್ಟು ಬರ್ತದಂತ ಇಷ್ಟ ದಿನ ಅನ್ನಲಿಲ್ಲ." ನಾನು "ಆಯ್ತು" ಅಂದೆ. ಅವಳು ಗಂಜಿ ಪೂರ್ತಿ ಕುಡಿದಳು, ಎಷ್ಟೋ ದಿನದ ಮೇಲೆ. ಶನಿವಾರ ಗೆಳೆಯರೆಲ್ಲ ಅಂಗಳದಲ್ಲಿ ಬಂದು ನಿಂತರು. ಕಲ್ಲಿನಾಥ ಮಾಸ್ತರ ಹೆಂಡತಿ ಯೇಸುವಿನ ಹೆಸರಿನಲ್ಲಿ ಮಣ್ಣಾದಳು ಎಂದು ಅವರೆದುರು ಒಪ್ಪಿಕೊಳ್ಳುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಇಷ್ಟೇ ಕಾರಣ, ಬೇರೆ ಸಿದ್ಧಾಂತ ಏನೂ ಇರಲಿಲ್ಲ. ನಿನ್ನೆದುರು, ಗೌರಾಬಾಯಿಯೆದುರು ಸುಳ್ಳು ಹೇಳಿದೆ. ಸತ್ತವರು ಕೇಳಿಸಿಕೊಳ್ಳುವುದಿಲ್ಲ ಎಂದು ನಂಬಿದವನು ನಾನು. ಆದರೆ ಆ "ಆಯ್ತು" ಕೇಳಿಸಿಕೊಂಡಾಗ ಅವಳು ಬದುಕಿದ್ದಳು.

ಎಂಟು ವರ್ಷದ ಹಿಂದೆ ಆ ಫಾರ್ಮಿನ ಮೇಲೆ ನಾನು ಬೆರಳಿಟ್ಟ ಕಡೆ ಅವಳು ಸಹಿ ಮಾಡಿದಳು, ರೇಷನ್ ಕಾರ್ಡಿಗೆ ಮಾಡಿದ ಹಾಗೇ. ಓದಿದಿಯೇನು ಎಂದು ಕೇಳಿದ್ದಕ್ಕೆ "ನೀವು ಓದೀರಲ್ಲ" ಅಂದಿದ್ದಳು. ಅರ್ಜಿಯ ಖಾಲಿ ಕಾಲಮ್ಮಿನಲ್ಲಿ ಈಗ ಬರೆದಿದ್ದೇನೆ: ಆಕೆ ಕೇಳಿದ್ದಳು, ನಾನು ಒಪ್ಪಿದ್ದೆ. ನೀನು ನಿಮ್ಮವ್ವನ ಹಾಗೆ ಮಾಡಬೇಡ. ಓದಿ ಸಹಿ ಮಾಡು.