ಗೋಪುರದ ಅಳತೆ

ಜೂನ್ 4, ಮಂಗಳವಾರ. ಮಧ್ಯಾಹ್ನ 3

ಅತ್ತಿಗೆಯನ್ನು ಮಲಗಿಸಿ ಬಂದು ಕೂತೆ. ಇವತ್ತು ಡಯಾಲಿಸಿಸ್ ಸಲೀಸಾಗಿ ಮುಗಿಯಿತು. ಬಿ.ಪಿ. ಇಳಿಯಲಿಲ್ಲ. ಮನೆಗೆ ಬಂದವರೇ ಗೆರೆ ಲೋಟದಲ್ಲಿ ನೀರು ಕುಡಿದು ಮಲಗಿದರು. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಹೇಳಿದ ದಿನ ಸ್ಟೀಲ್ ಲೋಟದೊಳಗೆ ಮೊಳೆಯಲ್ಲಿ ಗೆರೆ ಎಳೆದದ್ದು ನಾನೇ.

ವ್ಯಾನ್ ಮತ್ತೆ ಕೈ ಕೊಟ್ಟಿತು. ನಂಜನಗೂಡಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಕೀ ತಿರುಗಿಸಿದರೆ ಕಿರ್ರ್ ಅನ್ನುತ್ತದೆ, ಹಿಡಿಯುವುದಿಲ್ಲ. ಎಂಟು ಸಲ. ಆಕ್ಸಿಲರೇಟರ್ ಪೂರ್ತಿ ಒತ್ತಿದ ಮೇಲೆ ಕೆಮ್ಮುತ್ತಾ ಹಿಡಿಯಿತು. ಒಳಗೆಲ್ಲಾ ಪೆಟ್ರೋಲ್ ವಾಸನೆ. ಎಂಜಿನ್ ಗುರುತಿನ ಹಳದಿ ದೀಪ ಆರುತ್ತಲೇ ಇಲ್ಲ.

ಇವರು, ಅತ್ತಿಗೆಯ ತಮ್ಮ, ಮಾತ್ರ ಖುಷಿಯಾಗಿದ್ದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಎರಡು ವರ್ಷದ ಹಿಂದೆ ಸ್ಟೇರಿಂಗ್ ನನ್ನ ಕೈಗೆ ಬಂತು. ಇವರಿಗೆ ಉಳಿದದ್ದು ಬಂಕಿನ ಕೆಲಸ ಒಂದೇ. ಇಳಿದು, ಟ್ಯಾಂಕ್ ಹತ್ತಿರ ಕೈ ಇಟ್ಟು ಯಜಮಾನರ ಹಾಗೆ ನಿಲ್ಲುತ್ತಾರೆ. ಪೈಪು ಟಕ್ ಅಂದು ನಿಂತರೂ ಬಿಡುವುದಿಲ್ಲ — ಇನ್ನೊಂಚೂರು, ಇನ್ನೊಂಚೂರು. ಬಾಯಿಗೆ ಬಂದು ತುಳುಕಬೇಕು. ಭತ್ತ ಅಳೆಯುವಾಗ ಮೊದಲ ಸೇರನ್ನು ಒಂದು ಅನ್ನದೆ ಲಾಭ ಅಂತ ಎಣಿಸುವ ಮನೆ ಇದು. ಸೇರಿನ ಮೇಲೆ ಗೋಪುರ ನಿಲ್ಲಬೇಕು. ಬೋಳು ಅಳತೆ ದರಿದ್ರ.

ಜೂನ್ 5, ಬುಧವಾರ

ಮಧುಕುಮಾರನ ಗ್ಯಾರೇಜಿಗೆ ಹೋಗಿದ್ದೆ. ಪ್ಲಗ್ ಬದಲಾಯಿಸಿದ. ಮತ್ತೆ ಹೀಗಾದರೆ ಪೆಟ್ರೋಲ್ ಪಂಪ್ ಬಿಚ್ಚಬೇಕು ಅಂದ. ಒಳ್ಳೆಯ ಹುಡುಗ. ಆಂಟಿ ಅನ್ನುವುದೊಂದು ಬಿಟ್ಟರೆ.

ಜೂನ್ 11, ಮಂಗಳವಾರ

ಹೋಗಿ ಬಂದೆವು. ಗಾಡಿ ಚೆನ್ನಾಗಿತ್ತು. ಪೆಟ್ರೋಲ್ ಹಾಕಿಸಲಿಲ್ಲ. ದಾರಿಯಲ್ಲಿ ಅತ್ತಿಗೆ ಒಂದು ಹೋಳು ಮಾವಿನಹಣ್ಣಿಗಾಗಿ ಅಳುವುದೊಂದು ಬಾಕಿ. ತಿಂದರೆ ಪೊಟ್ಯಾಸಿಯಂ ಏರುತ್ತದೆ. ಕೊಡಲಿಲ್ಲ. ಮನಸ್ಸಿಗೆ ಕಷ್ಟ.

ಜೂನ್ 14, ಶುಕ್ರವಾರ. ಸಂಜೆ

ಕೆಟ್ಟ ದಿನ. ಅದೇ ಬಂಕು. ಮುಕ್ಕಾಲು ಗಂಟೆ ಹಿಡಿಯಲೇ ಇಲ್ಲ. ಬ್ಯಾಟರಿಯೂ ಸೋತಿತು. ಮಷಿನ್ನಿಂದ ಆಗತಾನೆ ಇಳಿದ ಜೀವ, ಬಿಸಿಲು, ವಾಸನೆ... ಅತ್ತಿಗೆ ಕಿಟಕಿಗೆ ಬಗ್ಗಿ ವಾಂತಿ ಮಾಡಿಕೊಂಡರು. ಆಟೋ ಹಿಡಿದು ಕಳಿಸಿದೆ. ಇವರು ಜೊತೆಗೆ ಹೋದರು. ನಾನು ಗಾಡಿ ಕಾಯುತ್ತಾ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಯಾರೋ ತಳ್ಳಿದರು, ಹಿಡಿಯಿತು.

ಮನೆಗೆ ಬಂದರೆ ಅತ್ತಿಗೆ ಗೋಡೆ ಕಡೆ ತಿರುಗಿ ಮಲಗಿದ್ದರು. ತಿರುಗದೆಯೇ ಹೇಳಿದರು.

“ಮಂಗಳಾ, ನಾ ಇನ್ಮ್ಯಾಕೆ ಬರಾಕಿಲ್ಲ ಕಣಮ್ಮಿ. ಆ ಗಾಡಿಗೂ ನಂಗೂ ಒಂದೇ ಕಾಯ್ಲೆ. ಎಲ್ಲಂದ್ರಲ್ಲಿ ನಿಂತೋಯ್ತೀವಿ.”

ನಗಿಸಲು ಹೇಳಿದರು ಅಂದುಕೊಂಡೆ.

ಜೂನ್ 18, ಮಂಗಳವಾರ. ಬೆಳಗ್ಗೆ 8

ನಗಿಸಲು ಹೇಳಿದ್ದಲ್ಲ. ಐದೂವರೆಗೆ ಸೀರೆ ಹಿಡಿದುಕೊಂಡು ಹೋದರೆ ಏಳಲಿಲ್ಲ. ಇವರು ಮಂಚದ ಹತ್ತಿರ ಕೂತು ಬೇಡಿದರು. ಅಪ್ಪ ಹೋದ ಮೇಲೆ ಇವರನ್ನು ಸಾಕಿದ ಅಕ್ಕ. ಬರಾಕಿಲ್ಲ ಅಂದರೆ ಬರಾಕಿಲ್ಲ. ಬಸ್ಸಿಗೆ ಹತ್ತುವ ಶಕ್ತಿ ಇಲ್ಲ, ಆಟೋದಲ್ಲಿ ಸೊಂಟ ತಡೆಯುವುದಿಲ್ಲ, ವ್ಯಾನ್ ಅಂದರೆ ಹೆದರಿಕೆ.

ಆಸ್ಪತ್ರೆಗೆ ಫೋನ್ ಮಾಡಿದೆ. ಒಂದು ಸಲ ತಪ್ಪಿದರೆ ನೀರು ಬಿಗಿ ಮಾಡಿ ನೋಡಬಹುದು, ಉಸಿರು ಕಟ್ಟಿದರೆ ಕಾಯದೆ ತಕ್ಷಣ ಕರೆತನ್ನಿ, ಶುಕ್ರವಾರ ಮಾತ್ರ ತಪ್ಪಿಸಲೇಬಾರದು ಅಂದರು ಸಿಸ್ಟರ್.

ಶುಕ್ರವಾರಕ್ಕೆ ಮೂರು ದಿನ. ಗಾಡಿ ಸರಿ ಹೋಗಬೇಕು. ಸರಿ ಹೋಯಿತು ಅಂತ ಅತ್ತಿಗೆ ನಂಬಲೂ ಬೇಕು. ಶಿವನೇ.

ಅದೇ ದಿನ, ಸಂಜೆ 4

ಈ ಪುಸ್ತಕವನ್ನೇ ಹಿಂದಕ್ಕೆ ತಿರುವುತ್ತಾ ಕೂತೆ. ಗಾಡಿ ಎಂದಿನಿಂದ ಕೆಟ್ಟಿತು ಅಂತ ನೋಡೋಣ ಅಂತ. ಮೇ 14, ಹಿಡಿಯಲಿಲ್ಲ — ಪೆಟ್ರೋಲ್ ಹಾಕಿಸಿದ ದಿನ. ಮೇ 24, ಹಿಡಿಯಲಿಲ್ಲ — ಪೆಟ್ರೋಲ್. ಜೂನ್ 4, ಜೂನ್ 14. ಪೆಟ್ರೋಲ್, ಪೆಟ್ರೋಲ್. ನಡುವಿನ ದಿನವೆಲ್ಲ ತಣ್ಣಗೆ ಓಡಿದೆ.

ಮಧುಕುಮಾರನಿಗೆ ಫೋನ್ ಮಾಡಿ ಓದಿ ಹೇಳಿದೆ. ಬನ್ನೂರಿನಲ್ಲಿ ತಂಗಿ ಮದುವೆಯ ಓಡಾಟದಲ್ಲಿದ್ದ, ಓಲಗ ಕೇಳುತ್ತಿತ್ತು. ತಾರೀಖುಗಳನ್ನು ಇನ್ನೊಮ್ಮೆ ಓದಿಸಿದ.

“ಆಂಟಿ, ಪ್ಲಗ್ ಹಾಕ್ದೋನು ನಾನು, ಕಾಯ್ಲೆ ಕಂಡ್ಹಿಡ್ದೋರು ನೀವು. ಅದು ಪರ್ಜ್ ವಾಲ್ವ್ ಕಣ್ರೀ.”

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಒಂದು ಇದ್ದಿಲಿನ ಡಬ್ಬಿ ಹೀರಿಟ್ಟುಕೊಳ್ಳುತ್ತದಂತೆ. ಗಾಡಿ ಓಡುವಾಗ ಈ ವಾಲ್ವ್ ಅಷ್ಟಷ್ಟೇ ಬಾಗಿಲು ತೆಗೆದು ಆ ಆವಿಯನ್ನು ಎಂಜಿನ್ನಿಗೆ ಬಿಡುತ್ತದೆ. ಬಾಗಿಲು ಮುಚ್ಚದೆ ಉಳಿದರೆ, ಪೆಟ್ರೋಲ್ ತುಂಬಿದೊಡನೆ ಆವಿಯೆಲ್ಲ ಒಮ್ಮೆಗೇ ನುಗ್ಗಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಅವನು ಬರುವುದು ಭಾನುವಾರ. ಆಗುವುದಿಲ್ಲ ಅಂದೆ. ಹಾಗಾದರೆ ನೀವೇ ಮಾಡಿ, ಒಲೆಗೆ ಗ್ಯಾಸ್ ಕೂಡಿಸಿದಷ್ಟೇ ಕೆಲಸ ಅಂದ. ಹೇಗೆ ನೋಡುವುದು ಅಂತ ಹೇಳಿದ್ದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೇನೆ.

ಜೂನ್ 19, ಬುಧವಾರ

ಎಂಜಿನ್ ತಣ್ಣಗಿರುವಾಗ ನೋಡಬೇಕು ಅಂದಿದ್ದ. ಎದ್ದವಳೇ ಸ್ನಾನ ಮಾಡಿ ಪೂಜೆಗೂ ಮೊದಲು ಅಂಗಳಕ್ಕೆ ಹೋದೆ. ದಿನಾ ಗಾಡಿಗೆ ಹಚ್ಚುವ ಊದುಬತ್ತಿ ಇವತ್ತು ಹಚ್ಚಲಿಲ್ಲ. ಪೆಟ್ರೋಲ್ ಹತ್ತಿರ ಬೆಂಕಿ ಭಕ್ತಿ ಅಲ್ಲ.

ಸೀಟು ಎತ್ತಿದರೆ ಕೆಳಗೇ ಎಂಜಿನ್. ವಾಲ್ವ್ ಅಂದರೆ ಹೆಬ್ಬೆರಳು ಗಾತ್ರದ ಕಪ್ಪು ಡಬ್ಬಿ, ಎರಡು ಪೈಪು, ಒಂದು ವೈರಿನ ಸಾಕೆಟ್. ಸ್ಟಾರ್ಟ್ ಮಾಡಿ, ಇದ್ದಿಲು ಡಬ್ಬಿಯಿಂದ ಬರುವ ಪೈಪು ಕಿತ್ತು, ವಾಲ್ವ್‌ನ ಬಾಯಿಗೆ ಬೆರಳಿಟ್ಟೆ. ಅದು ಎಳೆಯದೆ ಸುಮ್ಮನಿರಬೇಕಿತ್ತು. ಚಪ್ಪರಿಸಿ ಎಳೆಯಿತು, ಕರು ಬೆರಳು ಚೀಪಿದ ಹಾಗೆ. ಬಾಗಿಲು ತೆರೆದೇ ಇದೆ.

ಆಫ್ ಮಾಡಿದೆ. ಬ್ಯಾಟರಿ ವೈರು ತೆಗೆದೆ. ಸಾಕೆಟ್‌ನ ಕ್ಲಿಪ್ ಬಿಡಲಿಲ್ಲ — ತಲೆಯ ಹೇರ್‌ಪಿನ್ ಹಾಕಿ ಎಬ್ಬಿಸಿದೆ. ವಾಲ್ವ್ ಕೈಗೆ ಬಂತು. ಊದಿ ನೋಡಿ, ಕರೆಂಟ್ ಇಲ್ಲದಾಗ ಗಾಳಿ ಹೋಗಬಾರದು ಅಂದಿದ್ದ. ಒರೆಸಿ ಊದಿದೆ. ಸಲೀಸಾಗಿ ಹೋಯಿತು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವಳ ನಾಲಿಗೆಗೆ ಇವತ್ತು ಮೊದಲು ಬಿದ್ದದ್ದು ಪೆಟ್ರೋಲ್. ಮತ್ತೆ ಸ್ನಾನ ಮಾಡಿ, ತಪ್ಪಾಯಿತಪ್ಪಾ ಅಂತ ಕೂತೆ. ಲಿಂಗ ಅಂಗೈಲಿ ಇಟ್ಟುಕೊಂಡರೂ ಬಾಯಲ್ಲಿ ಅದೇ ವಾಸನೆ.

ವಾಲ್ವನ್ನು ಅಂಗೈಗೆ ಕುಟ್ಟಿದಾಗ ಕಪ್ಪು ಕಾಳು ಬಿದ್ದಿದ್ದವು. ಸಾಸಿವೆಯಂಥ ಇದ್ದಿಲು. ಫೋಟೋ ಕಳಿಸಿದೆ. ಮಧುಕುಮಾರ ಕೇಳಿದ — ಟಕ್ ಅಂದ ಮೇಲೂ ತುಂಬಿಸ್ತೀರಾ ಆಂಟಿ? ಹಾಗೆ ತುಂಬಿಸಿದರೆ ಆವಿ ಹೋಗುವ ದಾರಿಯಲ್ಲಿ ಪೆಟ್ರೋಲೇ ಹೋಗಿ ಡಬ್ಬಿಯ ಇದ್ದಿಲು ಒಡೆಯುತ್ತದಂತೆ. ಆ ಚೂರು ಬಂದು ಬಾಗಿಲ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸದು ಹಾಕಿದರೂ ತುಂಬಿಸುವುದು ನಿಲ್ಲದಿದ್ದರೆ ಮತ್ತೆ ಇದೇ ಕಥೆ.

ಇವರು ಜಗಲಿಯ ಮೇಲಿಂದ ಕೇಳಿದರು, ಏನಂತೆ?

ಕಸ ಕೂತಿದೆಯಂತೆ ಅಂದೆ.

ಜೂನ್ 20, ಗುರುವಾರ

ಹಳೆಯ ವಾಲ್ವ್‌ನ ಬಾಯಿಗಳನ್ನು ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ತಿ. ನರಸೀಪುರಕ್ಕೆ. ನಂಜನಗೂಡಿನಲ್ಲಿ ಸಿಗಲಿಲ್ಲ. ಅಂಗಡಿಯ ಅಮೃತೇಶ್ ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನಂಬರ್ ನೋಡಿ ಕೊಟ್ಟರು. ಫಿಟ್ ಮಾಡೋರು ಯಾರಮ್ಮ ಅಂದರು. ನಾನೇ ಅಂದೆ. ಎದ್ದು ನಿಂತು ಬಾಣದ ಗುರುತು ಯಾವ ಕಡೆ ಬರಬೇಕು ಅಂತ ತೋರಿಸಿದರು. ಅಗಸ್ತ್ಯೇಶ್ವರನಿಗೆ ಬಸ್ ಸ್ಟ್ಯಾಂಡಿನಿಂದಲೇ ಕೈ ಮುಗಿದೆ.

ಹಾಕಲು ಹತ್ತು ನಿಮಿಷ. ಅದಕ್ಕೂ ಮೊದಲು ಹೊಸದನ್ನು ಊದಿದೆ (ಪೂಜೆ ಆದ ಮೇಲೆ). ಒಂದಿಷ್ಟೂ ಹೋಗಲಿಲ್ಲ. ಸಾಕೆಟ್ ಟಕ್ ಅಂತ ಕೂತಾಗ ಎಷ್ಟು ಸಂತೋಷ... ಕಾವಲಿಗೆ ಹಾಕಿದ ಮೊದಲ ಒಬ್ಬಟ್ಟು ಹರಿಯದೆ ಎದ್ದ ಹಾಗೆ. ಸ್ಟಾರ್ಟ್ ಮಾಡಿದೆ. ನಡುಗಲಿಲ್ಲ. ಆದರೆ ಪರೀಕ್ಷೆ ಇದಲ್ಲ, ಬಂಕಿನಲ್ಲಿ.

ಇವರಿಗೆ ಹೇಗೆ ಹೇಳಲಿ? ಗಾಡಿಯಲ್ಲಿ ಉಳಿದಿರುವ ಯಜಮಾನಿಕೆ ಅದೊಂದೇ. ಅದೇ ಗಾಡಿಯನ್ನು ಕೆಡಿಸಿತು, ಅಕ್ಕನನ್ನು ಬಿಸಿಲಲ್ಲಿ ಕೂರಿಸಿತು ಅಂದರೆ ಊಟ ಬಿಡುತ್ತಾರೆ.

ಅತ್ತಿಗೆಗೆ ಮಾತ್ರ ಹೇಳಿದೆ. ಅವರ ಕಾಲು ಊದಿದೆ, ಎರಡು ದಿಂಬು ಇಟ್ಟರೆ ಉಸಿರು ಸಲೀಸು. ಕೇಳಿ ನಕ್ಕರು. ಆಮೇಲೆ ಹಣೆ ಚಚ್ಚಿಕೊಂಡರು. ಗೋಪುರ ಕಟ್ಟಿ ಅಳೆಯಲು ತಮ್ಮನಿಗೆ ಕಲಿಸಿದವರು ಅವರೇ.

ನಾಳೆ ಬರ್ತೀನಿ ಅಂದರು.

ಜೂನ್ 21, ಶುಕ್ರವಾರ. ಮಧ್ಯಾಹ್ನ 2

ಮಷಿನ್ ಮೂರೂವರೆ ಕೆ.ಜಿ. ನೀರು ತೆಗೆಯಿತು. ಅತ್ತಿಗೆಯ ಮುಖ ಮುಖವಾಯಿತು.

ಬರುವಾಗ ಬಂಕು. ಹಾದು ಹೋಗಬಹುದಿತ್ತು, ಮನೆ ತನಕ ಪೆಟ್ರೋಲ್ ಇತ್ತು. ಆದರೆ ಅತ್ತಿಗೆ ಎದುರಿಗೇ ಹಿಡಿಯಬೇಕು, ಇಲ್ಲದಿದ್ದರೆ ಮಂಗಳವಾರ ಮತ್ತೆ ಗೋಡೆ ಕಡೆ ತಿರುಗುತ್ತಾರೆ. ನಿಲ್ಲಿಸಿದೆ. ಇವರು ಇಳಿದರು. ಟ್ಯಾಂಕಿನ ಮೇಲೆ ಕೈ. ಪೈಪು ಟಕ್ ಅಂತು. ಇವರ ಬೆರಳು ಮೇಲೆದ್ದಿತು, ರೂಢಿಯಂತೆ. ನಾನು ಕನ್ನಡಿಯಲ್ಲಿ ಅತ್ತಿಗೆಯನ್ನು ನೋಡಿದೆ. ಹಿಂದಿನ ಕಿಟಕಿಯಿಂದ ಅತ್ತಿಗೆ ಅಂದರು:

“ಸಾಕು ಬುಡ್ಲಾ ಶಂಭು.”

“ಬೋಳು ಅಳ್ತೆ ಬ್ಯಾಡ ಅಂತ ಕಲ್ಸ್‌ದೋಳು ನೀನೇ ಅಲ್ವಾ ಅಕ್ಕ?”

“ಬತ್ತಕ್ಕೆ ಕಲ್ಸ್‌ದೆ ಕಣ್ಲಾ. ನಿನ್ನೆ ನಂಗೆ ನೀರು ತುಂಬ್ಕೊಂಡಾಗ ಎಂಗಿತ್ತು ಗೊತ್ತಾ? ಅದ್ಕೂ ಉಸ್ರಾಡಕ್ಕೆ ಒಸಿ ಜಾಗ ಬುಡು.”

ಇವರು ನನ್ನ ಕಡೆ ನೋಡಿದರು. ಎಷ್ಟು ಕಂಡಿತೋ. ಕಸ ಅಂದ್ಯಲ್ಲೇ, ಅಂದರು ಮೆಲ್ಲಗೆ. ನಾನು ಸ್ಟೇರಿಂಗ್ ನೋಡಿದೆ. ಟ್ಯಾಂಕಿನ ಮುಚ್ಚಳ ತಡವಿ, ತಾವೇ ತಿರುಗಿಸಿ ಹಾಕಿದರು. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಬಂಕಿನ ಪಕ್ಕದಲ್ಲಿ ಸೇರಿನಲ್ಲಿ ಪುರಿ ಅಳೆದು ಮಾರುವವಳ ಹತ್ತಿರ ಹೋದರು. ಅವರ ದನಿ ಕೇಳಿಸಿತು. ಉಪ್ಪು ಬೆರೆಸದ ಪುರಿ, ನಮ್ಮ ಅಕ್ಕನಿಗೆ. ಗೋಪುರ ಕಟ್ಟಿ ಅಳಿ ತಾಯಿ. ಲಾಭ, ಎರಡು...

ಪೊಟ್ಟಣ ಎದೆಗೊತ್ತಿಕೊಂಡು ಬಂದು ಕೂತರು. ಶಿವಾ ಅಂದೆ. ಕೀ ತಿರುಗಿಸಿದೆ.

ಒಂದೇ ಸಲಕ್ಕೆ.

ಹಿಂದಿನಿಂದ ಅತ್ತಿಗೆ, ಮಂಗಳವಾರ ಎಷ್ಟೊತ್ತಿಗೆ ಓಗಾದು ಅಂದರು.

ಈಗ ನಡುಮನೆಯಲ್ಲಿ ಅಕ್ಕ ತಮ್ಮ ಪುರಿ ತಿನ್ನುತ್ತಿದ್ದಾರೆ. ಅತ್ತಿಗೆಗೆ ನೀರು ನಾನೇ ಹುಯ್ಯುತ್ತೇನೆ ಅಂತ ಇವರದು ಹಟ. ಗೆರೆ ಕಾಣುವುದಿಲ್ಲ. ಲೋಟದೊಳಗೆ ಬೆರಳು ಇಳಿಬಿಟ್ಟು, ಉಗುರಿನಲ್ಲಿ ಗೆರೆ ಹುಡುಕಿ, ಅಲ್ಲಿಗೆ ಸರಿಯಾಗಿ ನಿಲ್ಲಿಸಲು ನೋಡುತ್ತಿದ್ದಾರೆ. ಸರ್ಯಾಗಿದ್ಯಾ ಬಂದು ನೋಡು ಅಂತ ಕರೆಯುತ್ತಿದ್ದಾರೆ. ಏಳುತ್ತೇನೆ.